ಕೋಳಿಮರಿ ಗ್ಯಾರೇಜಿನ ಹೀಟರು

ಯಂತ್ರ ಕೆಟ್ಟು ನಿಂತಿದ್ದರೆ ನನಗೆ ಸಿಟ್ಟು ಬರುವುದಿಲ್ಲ. ಕೆಟ್ಟದ್ದನ್ನು ಸರಿಮಾಡುವುದೇ ನನ್ನ ಹೊಟ್ಟೆಪಾಡು. ಆದರೆ ನಾನು ಹೋದಾಗ ಸಾಧು ಹಸುವಿನ ಹಾಗೆ ನಿಂತಿದ್ದು, ಬೆನ್ನು ತಿರುಗಿಸಿದ ಮೇಲೆ ಒದೆಯುವ ಯಂತ್ರವಿದೆಯಲ್ಲ, ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಕಳೆದ ಡಿಸೆಂಬರಿನಲ್ಲಿ ಬೆಳಗೋಡಿನ ಆಚೆಯ ಕಾಫಿ ಎಸ್ಟೇಟೊಂದರ ಗ್ಯಾಸ್ ಹೀಟರು ಹತ್ತು ದಿನ ನನ್ನನ್ನು ಹೀಗೆ ಆಡಿಸಿತು.

ಆ ಎಸ್ಟೇಟಿನ ಯಜಮಾನರು ತಮ್ಮ ಹಳೆಯ ಜೀಪ್ ಗ್ಯಾರೇಜನ್ನು ಕೋಳಿಮರಿ ಸಾಕುವ ಮನೆ ಮಾಡಿಕೊಂಡಿದ್ದರು. ಒಂದು ದಿನದ ಮುನ್ನೂರು ನಾಟಿ ಮರಿಗಳನ್ನು ತರುವುದು, ತಿಂಗಳೊಪ್ಪತ್ತು ಬೆಚ್ಚಗಿಡುವುದು, ಪುಕ್ಕ ಬಲಿತ ಮೇಲೆ ತೋಟಕ್ಕೆ ಬಿಡುವುದು, ಇದು ಅವರ ಯೋಜನೆ. ಬಲ್ಬ್ ಹಾಕಿ ಬೆಚ್ಚಗಿಡೋಣವೆಂದರೆ ಆ ಕಡೆಯ ಕರೆಂಟನ್ನು ನಂಬಿ ಬೆಕ್ಕಿನ ಮರಿಯನ್ನೂ ಸಾಕುವ ಹಾಗಿಲ್ಲ. ಹಾಗಾಗಿ ಮಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಈ ಹೀಟರನ್ನು ಹೊತ್ತು ತಂದಿದ್ದರು. ಹೊರದೇಶದವರು ಕಾರಿನ ಗ್ಯಾರೇಜು ಬಿಸಿಯಾಗಿರಲೆಂದು ಗೋಡೆಗೆ ಹಾಕಿಕೊಳ್ಳುವಂಥದ್ದು. ಮಂಗಳೂರಿನ ಸೆಕೆಯಲ್ಲಿ ಅದು ಯಾರಿಗೆ ಬೇಕಾಗಿತ್ತೋ ಆ ದೇವರಿಗೇ ಗೊತ್ತು.

“ಇದು ಗ್ಯಾರೇಜ್ ಹೀಟರ್ ಕಣಯ್ಯ. ನಮ್ದೂ ಗ್ಯಾರೇಜೇ. ಹೊಂದ್ಕೊಳ್ಳದೆ ಏನು?” ಎಂದಿದ್ದರು ಯಜಮಾನರು. ನಮ್ಮ ಗ್ಯಾಸಿಗೆ ತಕ್ಕ ಹಾಗೆ ಅದರೊಳಗೆ ಗ್ಯಾಸು ಚಿಮ್ಮುವ ಜೆಟ್ಟುಗಳನ್ನು ಬದಲಿಸಿ, ಗೋಡೆಗೆ ಕೂರಿಸಿ, ಸಿಲಿಂಡರನ್ನು ಗ್ಯಾರೇಜಿನ ಹಿಂದೆ ಹೊರಗಡೆ ಇಟ್ಟು, ಗೋಡೆ ಕೊರೆದು ಪೈಪು ಎಳೆದುಕೊಟ್ಟವನು ನಾನೇ. ಆದ್ದರಿಂದ ಅದು ಕೆಟ್ಟರೆ ಹೋಗುವ ಮಾನವೂ ನನ್ನದೇ.

ಹೀಟರಿನೊಳಗೆ ಎರಡು ಉರಿ. ದೊಡ್ಡ ಬರ್ನರು ಕೋಣೆ ತಣ್ಣಗಾದಾಗ ಹೊತ್ತಿಕೊಳ್ಳುತ್ತದೆ, ಬೆಚ್ಚಗಾದಾಗ ಆರುತ್ತದೆ. ಅದನ್ನು ಹೊತ್ತಿಸಲು ಪಕ್ಕದಲ್ಲೊಂದು ಸಣ್ಣ ಉರಿ ಸದಾ ಇರಬೇಕು. ಅದಕ್ಕೆ ಪೈಲಟ್ ಎನ್ನುತ್ತಾರೆ. ಆ ಪೈಲಟ್ಟಿನ ಉರಿಯೊಳಗೆ ತಾಮ್ರದ ಒಂದು ಕಡ್ಡಿ ಕಾಯುತ್ತಿರುತ್ತದೆ. ಹೆಸರು ಥರ್ಮೋಕಪಲ್. ಕಡ್ಡಿ ಬಿಸಿಯಾಗಿರುವವರೆಗೆ ಗ್ಯಾಸಿನ ಬಾಗಿಲು ತೆರೆದಿರುತ್ತದೆ. ಪೈಲಟ್ ಆರಿತೋ, ಕಡ್ಡಿ ತಣ್ಣಗಾಗಿ ‘ಟಿಕ್’ ಎಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾರಾದರೂ ಬಂದು ಮತ್ತೆ ಹಚ್ಚುವವರೆಗೆ ಗ್ಯಾಸೂ ಇಲ್ಲ, ಬಿಸಿಯೂ ಇಲ್ಲ.

ಮೊದಲ ಸೋಮವಾರ ಬೆಳಿಗ್ಗೆ ಎಸ್ಟೇಟಿನ ರೈಟರ್ ಫೋನ್ ಮಾಡಿದರು. ಅಲ್ಲಿನ ಹಾಜರಿ, ಸ್ಟೋರು, ದೂರು ಎಲ್ಲ ನೋಡಿಕೊಳ್ಳುವವರು ಅವರೇ.

“ನಿಮ್ಮ ಹೀಟರ್ ರಾತ್ರಿ ಕೆಟ್ಟೋಗ್ಬುಟ್ಟೈತೆ ಕಣ್ರೀ. ಒಂಬತ್ತು ಮರಿ ಹೋದ್ವು. ಬೇಗ ಬನ್ನಿ.”

ಅವರದ್ದಾಗಿದ್ದ ಹೀಟರು ಕೆಟ್ಟ ಮರುಗಳಿಗೆ ನನ್ನದಾಗಿತ್ತು. ಬೈಕ್ ಹತ್ತಿ ಹೋದೆ. ಗ್ಯಾರೇಜಿನ ಬಾಗಿಲಲ್ಲಿ ಮರಿಗಳನ್ನು ನೋಡಿಕೊಳ್ಳುವ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು, ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲೇ ವಾಸ. ಮಂಡಿ ಸವೆದು ತೋಟದ ಇಳಿಜಾರು ಹತ್ತಲಾಗದೆ ಹೋದ ಮೇಲೆ ಕಾಫಿ ಹಣ್ಣು ಕೊಯ್ಯುವ ಕೆಲಸ ಬಿಡಿಸಿ ಅವರನ್ನು ಇಲ್ಲಿಗೆ ಹಾಕಿದ್ದರು. ನಾನು ಅವರನ್ನು ಅಕ್ಕ ಎಂದೆ. ಅವರು ನನ್ನ ಮುಖವನ್ನೇ ನೋಡಿ, “ನಮ್ಮೂರ ಶಾಲೆ ಬಯಲಲ್ಲಿ ಸಿಲಿಂಡರ್‌ಗೆ ಬೆಂಕಿ ಹಚ್ಚಿ ತೋರ್ಸಿದ್ರಲ್ಲ, ಆ ಗ್ಯಾಸಣ್ಣ ಅಲ್ವಾ ನೀವು?” ಎಂದರು.

ಹೌದು, ನಾನೇ. ಹಿಂದೆ ಗ್ಯಾಸ್ ಏಜೆನ್ಸಿಯಲ್ಲಿದ್ದಾಗ ಹಳ್ಳಿಹಳ್ಳಿಗೆ ಹೋಗಿ ಬೆಂಕಿ ಆರಿಸುವುದನ್ನು ತೋರಿಸುತ್ತಿದ್ದೆ. ಅಷ್ಟು ವರ್ಷದ ಮೇಲೂ ಒಬ್ಬರು ಗುರುತಿಟ್ಟುಕೊಂಡಿದ್ದಾರಲ್ಲ ಎಂದು ಹಿಗ್ಗಿದೆ.

ಕೋಣೆಯಲ್ಲಿ ಅಕ್ಕ ಬಾಣಲೆಯಲ್ಲಿ ಕೆಂಡ ಇಟ್ಟು ಮರಿಗಳನ್ನು ಕಾಪಾಡಿಕೊಂಡಿದ್ದರು. ಸತ್ತ ಒಂಬತ್ತು ಮರಿಗಳು ಒಂದು ಮೊರದಲ್ಲಿದ್ದವು. ಮರಿಗಳು ಚಳಿಗೇ ಸಾಯುವುದು ಕಡಿಮೆ. ಚಳಿಯಾದಾಗ ಒಂದರ ಮೇಲೊಂದು ಒತ್ತರಿಸಿಕೊಂಡು ಮೂಲೆ ಸೇರುತ್ತವೆ. ಅಡಿಯಲ್ಲಿ ಸಿಕ್ಕಿಕೊಂಡವು ಉಸಿರು ಕಟ್ಟಿ ಹೋಗುತ್ತವೆ.

ಹೀಟರಿನ ಮುಂದೆ ಅಕ್ಕ ಒಂದು ಗೋಣಿಚೀಲ ಹಾಸಿಕೊಟ್ಟರು. ಮಂಡಿಯೂರಿದೆ. ಗೋಣಿ ಒದ್ದೆಯಾಗಿತ್ತು, ಪ್ಯಾಂಟಿನ ಮಂಡಿ ನೆನೆಯಿತು. ಇಬ್ಬನಿಗೆ ಹೊರಗೆ ಬಿದ್ದಿದ್ದ ಗೋಣಿ ಇರಬೇಕೆಂದು ಮನಸ್ಸಿನಲ್ಲೇ ಬೈದುಕೊಂಡು ಮುಂದಿನ ತಗಡು ಬಿಚ್ಚಿದೆ. ಪೈಲಟ್ಟಿನ ಜೆಟ್ಟಿನ ಬಾಯಲ್ಲಿ ಜೇಡರಬಲೆ ಸಿಕ್ಕಿತು. ಗ್ಯಾಸಿನ ವಾಸನೆಗೆ ಜೇಡಗಳು ಬರುತ್ತವೆಂದು ನಮ್ಮ ಕಸುಬಿನವರೆಲ್ಲ ನಂಬಿದ್ದೇವೆ. ವೈರಿನ ಒಂದೇ ಒಂದು ಎಳೆ ತೂರಿಸಿ ಜೆಟ್ಟು ಚೊಕ್ಕ ಮಾಡಿದೆ, ಬಾಯಲ್ಲಿ ಊದಿದೆ, ಹಚ್ಚಿದೆ. ಪೈಲಟ್ ನೀಲಿಯಾಗಿ ಚೂಪಾಗಿ ನಿಂತಿತು. ಎರಡು ಗಂಟೆ ಕೂತು ನೋಡಿದೆ. ಅಲುಗಲಿಲ್ಲ. ಕಾರಣ ಸಿಕ್ಕಿತು, ಕೆಲಸ ಮುಗಿಯಿತು ಎಂದು ರೈಟರಿಗೆ ಹೇಳಿ ಬಂದೆ.

ಮಂಗಳವಾರ ಬೆಳಿಗ್ಗೆ ಮತ್ತೆ ಫೋನು. “ಆರೋಗ್ಬುಟ್ಟೈತೆ ಕಣ್ರೀ. ಇನ್ನೂ ಆರು.”

ಮತ್ತೆ ಹೋದೆ. ಮತ್ತೆ ಅದೇ ಒದ್ದೆ ಗೋಣಿಯ ಮೇಲೆ ಮಂಡಿಯೂರಿದೆ. ನಾಬ್ ತಿರುಗಿಸಿ ಬೆಂಕಿಕಡ್ಡಿ ಗೀರಿದರೆ ಮೊದಲ ಸಲಕ್ಕೇ ಪೈಲಟ್ ಹೊತ್ತಿಕೊಂಡಿತು. ಅದು ನನ್ನನ್ನು ನೋಡಿ ನಕ್ಕ ಹಾಗಾಯಿತು. ಈ ಸಲ ಮೀಟರು ಹಿಡಿದು, ಥರ್ಮೋಕಪಲ್ ಬಿಸಿಯಾದಾಗ ಅದರಲ್ಲಿ ಹುಟ್ಟುವ ಕರೆಂಟು ನೋಡಿದೆ. ಇಪ್ಪತ್ತೈದು ಮಿಲಿವೋಲ್ಟಾದರೂ ಇರಬೇಕಾದ ಕಡೆ ಹದಿನಾಲ್ಕು ತೋರಿಸಿತು. ಇದೇ ಕಳ್ಳ ಎಂದುಕೊಂಡೆ. ನನ್ನ ಅಂಗಡಿಯಿರುವ ಸಕಲೇಶಪುರದಲ್ಲಿ ಆ ಉದ್ದದ ಕಡ್ಡಿ ಸಿಗಲಿಲ್ಲ. ಬುಧವಾರ ಅಂಗಡಿ ಮುಚ್ಚಿ ಹಾಸನಕ್ಕೆ ಹೋಗಿ ತಂದು ಹಾಕಿದೆ. ಮೀಟರು ಇಪ್ಪತ್ತೆಂಟು ತೋರಿಸಿತು. ಪೈಲಟ್ ಊದಿ ಆರಿಸಿ, ಬಾಗಿಲು ಮುಚ್ಚುವ ಟಿಕ್ ಸದ್ದು ಕೇಳಿ, ಮತ್ತೆ ಹಚ್ಚಿ, ಮೂರು ಸಲ ಪರೀಕ್ಷೆ ಮಾಡಿದೆ.

ಎರಡು ರಾತ್ರಿ ಒಳ್ಳೆಯದಾಗಿ ಕಳೆಯಿತು. ಆ ಎರಡು ದಿನ ಮೋಡ ಕವಿದು ಚಳಿ ಕಡಿಮೆಯಿತ್ತು. ಅದು ಲೆಕ್ಕಕ್ಕೆ ಬರುವ ವಿಷಯವೆಂದು ನನಗೆ ಆಗ ಹೊಳೆಯಲಿಲ್ಲ. ಆನೇಮಹಲ್ಲಿನ ಹೋಟೆಲೊಂದಕ್ಕೆ ಸ್ಟೌ ರಿಪೇರಿಗೆ ಹೋದಾಗ ಈ ಥರ್ಮೋಕಪಲ್ ಕಥೆಯನ್ನು ಅಲ್ಲಿನವರಿಗೆ ಹೇಳಿ ಜಂಬ ಕೊಚ್ಚಿಕೊಂಡೂ ಬಂದೆ. ಶುಕ್ರವಾರ ರಾತ್ರಿ ಮೋಡ ಹರಿದು ಗಾಳಿ ಬೀಸಿ ಚಳಿ ಬಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ರೈಟರ ಫೋನು.

“ಹದಿಮೂರು” ಎಂದರು. ಫೋನ್ ಇಟ್ಟರು.

ಈ ಸಲ ಗಾಳಿಯ ಮೇಲೆ ಅನುಮಾನ ಹೋಯಿತು. ಗ್ಯಾರೇಜಿನ ಶಟರ್ ಕೆಳಗೆ ನಾಲ್ಕು ಬೆರಳು ಸಂದಿಯಿತ್ತು. ಬಡಗಣ ಗಾಳಿ ಅಲ್ಲಿಂದ ನುಗ್ಗಿ ಪೈಲಟ್ ಆರಿಸುತ್ತಿರಬಹುದು. ಸಂದಿಗೆ ಹಳೆಯ ಟಯರಿನ ಪಟ್ಟಿ ಹೊಡೆದೆ. ಪೈಲಟ್ಟಿನ ಸುತ್ತ ತಗಡಿನ ಮರೆ ಕತ್ತರಿಸಿ ಕೂರಿಸಿದೆ. ಮರಿಗಳಿಗೆ ಉಸಿರಾಡಲು ಮೇಲಿನ ಜಾಲರಿ ಕಿಟಕಿಗಳನ್ನು ಹಾಗೇ ಬಿಟ್ಟೆ. ಬೀಸಣಿಗೆ ಹಿಡಿದು ಅಕ್ಕನಿಗೆ ಜೋರಾಗಿ ಬೀಸಲು ಹೇಳಿದೆ. ಬೀಸಿ ಬೀಸಿ ಅವರ ಕೈ ಸೋತಿತೇ ಹೊರತು ಉರಿ ಬಾಗಲಿಲ್ಲ.

“ಈಗ ಆರಲ್ಲ ಅಲ್ವಾ ಗ್ಯಾಸಣ್ಣ?” ಎಂದು ಕೇಳಿದರು.

“ಇನ್ನು ಬಿರುಗಾಳಿ ಬಂದ್ರೂ ಆರಲ್ಲಕ್ಕ” ಎಂದೆ.

ಭಾನುವಾರ ಬಿರುಗಾಳಿ ಬರಲಿಲ್ಲ. ಪೈಲಟ್ ಆರಿತ್ತು. ಪುಣ್ಯಕ್ಕೆ ಮರಿ ಯಾವುದೂ ಹೋಗಿರಲಿಲ್ಲ.

ರಾತ್ರಿ ಅಲ್ಲೇ ಕೂತು ನೋಡಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಆ ವಾರ ಆ ಸುತ್ತಿನಲ್ಲಿ ಏಳು ಆನೆಗಳ ಗುಂಪು ತಿರುಗುತ್ತಿತ್ತು. ಸಂಜೆಯಾದರೆ ಎಲ್ಲರ ಮೊಬೈಲಿಗೂ ಆನೆ ಎಲ್ಲಿದೆ ಎಂಬ ಸಂದೇಶ ಬರುತ್ತದೆ. ಆರು ಗಂಟೆಯ ಮೇಲೆ ಆ ದಾರಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಅಕ್ಕ ಕೂಡ ಐದೂ ಮುಕ್ಕಾಲಿಗೆ ಗ್ಯಾರೇಜಿಗೆ ಬೀಗ ಹಾಕಿ ಲೈನಿಗೆ ಹೋದರೆ ಮತ್ತೆ ಬರುವುದು ಬೆಳಿಗ್ಗೆ ಆರೂವರೆಗೆ. ನಡುವೆ ಆ ಕೋಣೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಮರಿಗಳು ಬಿಟ್ಟರೆ ಸಾಕ್ಷಿಯಿಲ್ಲ.

ಸೋಮವಾರ ಗ್ಯಾಸಿನ ಒತ್ತಡ ಅಳೆಯಲು ಹೊರಟೆ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಹೀಟರಿಗೆ ಸಿಕ್ಕಿಸಿದೆ. ಗ್ಯಾಸು ಒಂದು ಕಡೆಯ ನೀರನ್ನು ಒತ್ತಿದರೆ ಇನ್ನೊಂದು ಕಡೆಯದು ಏರುತ್ತದೆ. ಎರಡರ ಅಂತರ ಹನ್ನೆರಡು ಇಂಚು ಇರಬೇಕು. ಸರಿಯಾಗಿ ಹನ್ನೆರಡು ಇತ್ತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಆದರೂ ರೆಗ್ಯುಲೇಟರ್ ಬದಲಿಸಿದೆ. ಪೈಪು ಬದಲಿಸಿದೆ. ಎಲ್ಲ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದೆ. ಅರ್ಧವಾಗಿದ್ದ ಸಿಲಿಂಡರ್ ತೆಗೆಸಿ ತುಂಬಿದ್ದನ್ನು ಇಡಿಸಿದೆ. ಹೊಸದಾಗಿ ಬದಲಿಸಲು ಇನ್ನು ಗೋಡೆಯೊಂದೇ ಬಾಕಿಯಿತ್ತು.

ಮಂಗಳವಾರ ಬೆಳಿಗ್ಗೆ ಫೋನ್ ಬರಲಿಲ್ಲ. ನಾನು ಹಲ್ಲು ಕೂಡ ಉಜ್ಜದೆ ಅದನ್ನೇ ನೋಡುತ್ತ ಕೂತಿದ್ದೆ.

ಬುಧವಾರ ಬಂತು. ಈ ಸಲ ಮಾತಾಡಿದ್ದು ಯಜಮಾನರು. “ಇಪ್ಪತ್ತೆರಡು ಮರಿ ಕಣಯ್ಯ. ಒಟ್ಟು ಐವತ್ತಾಯ್ತು. ನಿನ್ ಕೈಲಾಗಲ್ಲ ಅಂದ್ರೆ ಹೇಳ್ಬುಡು ಮಾರಾಯ, ಹೀಟರ್ ಕಿತ್ತು ಎಸೀತೀನಿ.”

ಹೋದಾಗ ಯಜಮಾನರು, ರೈಟರ್ ಇಬ್ಬರೂ ಗ್ಯಾರೇಜಿನ ಮುಂದಿದ್ದರು. ಅಕ್ಕ ಒಳಗೆ ಮರಿಗಳ ನೀರಿನ ತಟ್ಟೆ ತೊಳೆಯುತ್ತಿದ್ದರು. ಗೋಣಿ ಹಾಸಿತ್ತು. ಅದೂ ಒದ್ದೆ. ಆ ಒದ್ದೆಗೋಣಿಯ ಮೇಲೆ ಮಂಡಿಯೂರಿ, ನಾಬನ್ನು ಆನ್‌ನಿಂದ ಪೈಲಟ್ ಗುರುತಿಗೆ ತಿರುಗಿಸಿ, ಕಡ್ಡಿ ಗೀರಿದೆ. ಮೊದಲ ಸಲಕ್ಕೇ ಹೊತ್ತಿತು. ನೀಲಿ, ಚೂಪು, ನೆಟ್ಟಗೆ. ನನಗೆ ಅಳು ಬರುವುದೊಂದು ಬಾಕಿ.

“ಮಿಷನ್‌ನಲ್ಲಿ ತೊಂದರೆಯಿಲ್ಲ ಸಾರ್” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿತು. “ಹತ್ತು ದಿನ ನೋಡಿದೀನಿ. ಎಲ್ಲ ಹೊಸದು. ಇಷ್ಟಾದ ಮೇಲೂ ಆರುತ್ತೆ ಅಂದ್ರೆ ಇದಕ್ಕೆ ಮನುಷ್ಯರ ಕೈ ಬೀಳ್ತಾ ಇರಬೇಕು.”

ರೈಟರ್ ಅದಕ್ಕೇ ಕಾದಿದ್ದವರ ಹಾಗೆ ತಲೆಯಾಡಿಸಿದರು. “ನಾನೂ ಅದೇ ಹೇಳ್ತಿದ್ದೆ. ಬೆಂಕಿ ಅಂದ್ರೆ ಈಯಮ್ಮಂಗೆ ಮೊದಲಿಂದ ದಿಗಿಲು. ಹೋಗೋವಾಗ ಆಫ್ ಮಾಡ್ಬುಟ್ಟು ಹೋಗ್ತಾವ್ರೆ.”

ಯಜಮಾನರು ಒಳಗೆ ತಿರುಗಿ, “ಏನಮ್ಮ?” ಎಂದರು.

ಅಕ್ಕ ತಟ್ಟೆ ಕೆಳಗಿಟ್ಟರು. “ಇಲ್ಲ ಬುದ್ಧಿ. ಆ ತಿರುಪನ್ನ ನಾನು ಒಂದಿನಾನೂ ಮುಟ್ಟಿಲ್ಲ.”

“ನಾಳೆಯಿಂದ ಇಲ್ಲಿಗೆ ಬೇರೆಯವ್ರನ್ನ ಹಾಕಿ” ಎಂದು ಯಜಮಾನರು ರೈಟರಿಗೆ ಹೇಳಿದರು. “ಇವ್ರು ಹಣ್ಣು ಕೊಯ್ಯೋಕೆ ಹೋಗ್ಲಿ.”

ಅಕ್ಕ ತಮ್ಮ ಮಂಡಿಯ ಕಡೆ ಒಮ್ಮೆ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ನಾನು ಚೀಲಕ್ಕೆ ಸಾಮಾನು ತುಂಬುವುದರಲ್ಲಿ ಮಗ್ನನಾದವನ ಹಾಗೆ ತಲೆ ತಗ್ಗಿಸಿದೆ.

ಬೆಳಗೋಡಿನಲ್ಲಿ ಬೈಕ್ ನಿಲ್ಲಿಸಿ ಟೀ ಹೇಳಿದೆ. ಟೀ ಅಂಗಡಿಯವನು ಲೋಟ ಕೊಟ್ಟು ಸ್ಟೌವಿನ ನಾಬ್ ಟಕ್ಕನೆ ತಿರುಗಿಸಿ ಆರಿಸಿದ. ನಾಬಿನ ಮೊನೆ ಅಡ್ಡ ನಿಂತಿತು. ಲೋಟ ಬಾಯಿಗೆ ಹೋಗಿದ್ದು ಅಲ್ಲೇ ನಿಂತಿತು. ಹತ್ತು ದಿನದಲ್ಲಿ ಪೈಲಟ್ ಆರಿದ್ದ ಪ್ರತಿ ಬೆಳಿಗ್ಗೆಯೂ ಆ ಹೀಟರಿನ ನಾಬನ್ನು ನಾನು ಆನ್‌ನಿಂದಲೇ ತಿರುಗಿಸಿದ್ದೆ. ಯಾರಾದರೂ ಆರಿಸಿ ಹೋಗಿದ್ದರೆ ಅದು ಆಫ್‌ನಲ್ಲಿರಬೇಕಿತ್ತು. ಅಕ್ಕ ಮುಟ್ಟಿಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಕೈಯಲ್ಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ನೆಲ ಗುಡಿಸುವವಳನ್ನು ದೂರಿ ಬಂದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆಂದು ಹೇಳಲಾರೆ.

ಯಾರೂ ಕರೆಯದೆ ವಾಪಸು ಹೋಗುವುದೆಂದು ಅಲ್ಲೇ ತೀರ್ಮಾನಿಸಿದೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಹೋಗಿ ನೋಡಿದ್ದಾಯಿತು. ಅಕ್ಕ ಬೀಗ ಹಾಕುವ ಹೊತ್ತಿನಲ್ಲಿ ಹೀಟರು ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಸಂಜೆ ಐದೂವರೆಗೆ ಎಸ್ಟೇಟಿನ ಗೇಟಿಗೆ ಬಂದೆ. ಏರಿನಲ್ಲಿ ಬೈಕ್ ಬಿಟ್ಟು ನಡೆದೇ ಗ್ಯಾರೇಜಿನ ಹಿಂದಕ್ಕೆ ಹೋದೆ. ಅಕ್ಕ ಸಿಲಿಂಡರಿನ ಹತ್ತಿರ ನಿಂತಿದ್ದರು. ಸಿಲಿಂಡರಿಗೆ ತಲೆಯಿಂದ ಬುಡದವರೆಗೆ, ನಾನು ಮಂಡಿಯೂರುತ್ತಿದ್ದ ಅದೇ ಗೋಣಿಚೀಲ ಕವುಚಿತ್ತು. ಪಕ್ಕದಲ್ಲಿ ಬಕೆಟ್ಟು. ಚೊಂಬಿನಲ್ಲಿ ನೀರು ಮೊಗೆದು ಗೋಣಿಯ ಸುತ್ತ, ಒಂದು ಒಣಗಿದ ಜಾಗವೂ ಉಳಿಯದ ಹಾಗೆ, ನಿಧಾನವಾಗಿ ಹೊಯ್ಯುತ್ತಿದ್ದರು.

“ಅಕ್ಕಾ, ಏನ್ಮಾಡ್ತಿದೀರಿ?”

ಬೆಚ್ಚಿಬಿದ್ದು ತಿರುಗಿದರು. ನನ್ನನ್ನು ನೋಡಿ ಸಮಾಧಾನವಾಯಿತೆಂದು ಕಾಣುತ್ತದೆ. “ನೀವಾ. ಗೋಣಿ ನೆನೆಸ್ತಾ ಇದ್ದೆ ಕಣಣ್ಣ. ಇವತ್ತೇ ಕೊನೆ, ನಾಳೆ ಬರೋರಿಗೂ ಹೇಳ್ಬೇಕು.”

“ದಿನಾ ಹೀಗೆ ಹಾಕ್ತೀರಾ?”

“ದಿನಾ. ಬೆಳಿಗ್ಗೆ ತೆಗ್ದುಬುಡ್ತೀನಿ, ಹಗಲೆಲ್ಲ ನಾನೇ ಇರ್ತೀನಲ್ಲ. ರಾತ್ರಿ ಯಾರಿದಾರೆ? ಬೀಗ ಹಾಕ್ಕೊಂಡು ಹೋಗ್ತೀವಿ. ಬೆಂಕಿ ಗಿಂಕಿ ಬಿದ್ರೆ ಆ ಮರಿಗಳು ಎಲ್ಲಿಗೆ ಓಡ್ತಾವೆ?”

“ಇದನ್ನ ನಿಮಗೆ ಯಾರು ಹೇಳಿಕೊಟ್ಟಿದ್ದು?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನೀವೇ ಅಲ್ವಾ? ಶಾಲೆ ಬಯಲಲ್ಲಿ. ‘ಒದ್ದೆ ಗೋಣಿ ಮೇಲಿದ್ರೆ ಬೆಂಕಿ ಕೆಳಗೆ ಉಳಿಯಲ್ಲ’ ಅಂತ.”

ನಾನು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಆ ಮಾತು ನನ್ನದೇ. ಏಜೆನ್ಸಿಯವರು ಕೊಟ್ಟ ಹಾಳೆಯಲ್ಲಿ ಅದು ಇರಲಿಲ್ಲ. ಉರಿಯುವ ಸಿಲಿಂಡರಿನ ಮೇಲೆ ಒದ್ದೆ ಗೋಣಿ ಎಸೆದು, ಬೆಂಕಿ ಆರಿದ ತಕ್ಷಣ ಎರಡೂ ಕೈ ಮೇಲೆತ್ತಿ ಈ ಮಾತು ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಗೋಸ್ಕರ ಊರೂರಿನಲ್ಲಿ ಅದನ್ನೇ ಹೇಳಿದ್ದೆ. ಬೆಂಕಿ ಬಿದ್ದ ಮೇಲೆ ಹಾಕುವ ಗೋಣಿ ಅದು, ಬೀಳುವುದಕ್ಕೆ ಮೊದಲಲ್ಲ ಎಂದು ಬಿಡಿಸಿ ಹೇಳಬೇಕೆಂದು ತೋಚಿರಲಿಲ್ಲ. ಅಕ್ಕ ಯೋಚಿಸಿದ್ದರಲ್ಲಿ ತಪ್ಪೇನಿದೆ? ಆಮೇಲೆ ಹಾಕಿದರೆ ಆರುವುದಾದರೆ, ಮೊದಲೇ ಹಾಕಿದರೆ ಬರುವುದೇ ಇಲ್ಲವಲ್ಲ.

ಸಿಲಿಂಡರಿನೊಳಗೆ ಇರುವುದು ದ್ರವ. ಅದು ಕುದಿದು ಗ್ಯಾಸಾಗಲು ಹೊರಗಿನ ಗಾಳಿಯಿಂದ ಬಿಸಿ ಎಳೆದುಕೊಳ್ಳಬೇಕು. ಬೇಸಿಗೆಯಲ್ಲಿ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿದರೆ ನೀರು ತಣ್ಣಗಾಗುತ್ತದೆಯಲ್ಲ, ಅದೇ ಉಪಚಾರ ಇದಕ್ಕೂ ನಡೆದಿತ್ತು, ಅದೂ ಡಿಸೆಂಬರಿನ ಚಳಿಯಲ್ಲಿ, ಗಾಳಿಗೆ ಒಡ್ಡಿ. ಸಿಲಿಂಡರು ಹೆಪ್ಪುಗಟ್ಟುವಷ್ಟು ತಣ್ಣಗಾಗಿ ಒತ್ತಡ ಇಳಿದಿರಬೇಕು, ಪೈಲಟ್ ಕುಗ್ಗಿರಬೇಕು. ಮೋಡದ ರಾತ್ರಿ ಚಳಿ ಕಡಿಮೆ, ಗೋಣಿಯ ನೀರೂ ಆರುವುದಿಲ್ಲ. ಅದಕ್ಕೇ ಎರಡು ರಾತ್ರಿ ಬಚಾವಾಗಿತ್ತು. ತುಂಬಿದ ಸಿಲಿಂಡರು ಒಂದು ರಾತ್ರಿ ತಡೆದಿತ್ತು. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಗೋಣಿ ತೆಗೆದು, ಹೊತ್ತೇರಿ, ಸಿಲಿಂಡರು ಮತ್ತೆ ಬೆಚ್ಚಗಾಗಿರುತ್ತಿತ್ತು. ಎಲ್ಲ ಲೆಕ್ಕ ಕೂಡಿಬಂತು. ಆದರೆ ಹತ್ತು ದಿನದಿಂದ ನನಗೆ ಎಲ್ಲ ಲೆಕ್ಕವೂ ಕೂಡಿಬರುತ್ತಲೇ ಇತ್ತು. ಕಣ್ಣಾರೆ ನೋಡದೆ ಬಾಯಿ ಬಿಡಬಾರದೆಂದುಕೊಂಡೆ.

ಗೋಣಿ ಹಾಗೇ ಇರಲಿ ಎಂದೆ. ಯಜಮಾನರಿಗೆ ಫೋನ್ ಮಾಡಿ ಜೀಪಿನಲ್ಲಿ ಬರಲು ಹೇಳಿದೆ. ಅವರೂ ರೈಟರೂ ಬಂದರು. ಕೊರೆಯುವ ಚಳಿಯ ಹೊತ್ತಿನಲ್ಲಿ ಬರ್ನರ್ ಬಿಡುವಿಲ್ಲದೆ ಉರಿಯುತ್ತದಲ್ಲ, ಹಾಗೆ ಉರಿಯಲೆಂದು ಕೋಣೆಯ ಬಿಸಿ ಗೊತ್ತುಮಾಡುವ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿ, ನೀರಿನ ಪೈಪಿನ ಹಲಗೆ ಸಿಕ್ಕಿಸಿದೆ. ಸೆಕೆಯಾಗದಿರಲೆಂದು ಅಕ್ಕ ಮರಿಗಳನ್ನು ಆ ತುದಿಗೆ ಸರಿಸಿದರು.

ಹನ್ನೆರಡು ಇಂಚು. ಅರ್ಧ ಗಂಟೆಯಾದರೂ ಹನ್ನೆರಡೇ. ರೈಟರ್ ಗಡಿಯಾರ ನೋಡಿಕೊಂಡು ಆನೆಯ ಸಂದೇಶ ಗಟ್ಟಿಯಾಗಿ ಓದಿದರು. ಆರೂವರೆಗೆ ಹನ್ನೊಂದಾಯಿತು. ಆಮೇಲೆ ಒಂಬತ್ತು. ಬರ್ನರಿನ ಉರಿ ಗಿಡ್ಡವಾಯಿತು. ಏಳಕ್ಕೆ ಆರು ಇಂಚು. ಪೈಲಟ್ ತಲೆ ತಗ್ಗಿಸಿ ಹಳದಿಯಾಗಿ, ಕಡ್ಡಿಯ ತುದಿ ಬಿಟ್ಟು ಹಿಂದೆ ಸರಿಯಿತು. ನಾಲ್ವರೂ ಅದನ್ನೇ ನೋಡುತ್ತಿದ್ದೆವು. ಏಳೂ ಕಾಲಿಗೆ ಟಿಕ್ ಎಂದಿತು.

ಟಾರ್ಚ್ ಹಿಡಿದು ಹಿಂದಕ್ಕೆ ಹೋಗಿ ಗೋಣಿ ಎಳೆದೆ. ಅದು ಸಿಲಿಂಡರಿಗೆ ಅಂಟಿಕೊಂಡಿತ್ತು. ಕಿತ್ತು ತೆಗೆದಾಗ ಕೆಳಗಿನ ಅರ್ಧಕ್ಕೆ ಬೆಳ್ಳಗೆ ಐಸು ಹತ್ತಿತ್ತು.

“ಇದಾ ನಿನ್ನ ಕೆಲಸ?” ಯಜಮಾನರು ಅಕ್ಕನ ಕಡೆ ತಿರುಗಿದರು. “ಐವತ್ತು ಮರಿ ಕೊಂದ್ಬುಟ್ಟಲ್ಲಮ್ಮ.”

“ನಾನ್ ಹೇಳ್ಲಿಲ್ವಾ” ಎಂದರು ರೈಟರ್. “ಗ್ಯಾಸ್‌ನೋರೂ ಬೆಳಿಗ್ಗೇನೇ ಹೇಳಿದ್ರು, ಮನುಷ್ಯರ ಕೈ ಅಂತ.”

ಆ ಕ್ಷಣದಲ್ಲಿ ನಾನು ಗೆದ್ದಿದ್ದೆ. ಹೀಟರಿನಲ್ಲಿ ದೋಷವಿರಲಿಲ್ಲ, ನನ್ನ ಕೆಲಸದಲ್ಲಿ ದೋಷವಿರಲಿಲ್ಲ, ಮನುಷ್ಯರ ಕೈ ಎಂದಿದ್ದೂ ನಿಜವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಕ್ಕ ನನ್ನ ಕಡೆ ಒಮ್ಮೆ ನೋಡಿದರು. ನನ್ನ ಹೆಸರು ಎತ್ತುತ್ತಾರೆಂದು ಕಾದೆ. ಎತ್ತಲಿಲ್ಲ. ಸೆರಗು ಹೊದ್ದುಕೊಂಡು ತಲೆ ತಗ್ಗಿಸಿ ನಿಂತರು. ಅದನ್ನು ನೋಡಲು ನನಗೆ ಆಗಲಿಲ್ಲ.

“ಸಾರ್, ಇದನ್ನ ಅವರಿಗೆ ಹೇಳಿಕೊಟ್ಟಿದ್ದು ನಾನು” ಎಂದೆ. ಶಾಲೆಯ ಬಯಲು, ಗೋಣಿ, ಚಪ್ಪಾಳೆ ಎಲ್ಲ ಹೇಳಿದೆ. “ಬೆಳಿಗ್ಗೆ ಅವರ ಮೇಲೆ ಹೇಳಿದ್ದೂ ತಪ್ಪು. ನಾಬ್ ಯಾವತ್ತೂ ಆನ್‌ನಲ್ಲೇ ಇತ್ತು. ನಾನು ನೋಡಿಯೂ ನೋಡಲಿಲ್ಲ. ಮರಿ ಉಳೀಲಿ ಅಂತ ದಿನಾ ಈ ಮಂಡೀಲಿ ಬಕೆಟ್ ನೀರು ಹೊತ್ತಿದಾರೆ ಸಾರ್.”

ಯಜಮಾನರು ಐಸು ಹತ್ತಿದ ಸಿಲಿಂಡರನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಹಂಗಾದ್ರೆ ಆ ಕೈ ನಿಂದೇ ಅನ್ನಯ್ಯ” ಎಂದರು. ಆಮೇಲೆ ರೈಟರಿಗೆ, “ನಾಳೆ ಯಾರ್ನೂ ಬದಲಾಯಿಸೋದು ಬ್ಯಾಡ. ಈಯಮ್ಮನೇ ಇರ್ಲಿ” ಎಂದು ಜೀಪಿನತ್ತ ನಡೆದರು.

ಆ ರಾತ್ರಿಗೆ ಸ್ಟೋರಿನಿಂದ ಒಣಗಿದ ಇನ್ನೊಂದು ಸಿಲಿಂಡರು ತಂದು ಜೋಡಿಸಿ, ಪೈಲಟ್ ಹಚ್ಚಿದೆವು. ನಮ್ಮನ್ನು ಜೀಪಿನಲ್ಲಿ ಬಿಟ್ಟರು.

ಮರುದಿನ ಗಾಳಿಗೆ ಮರೆಯಾಗಿ ಇಟ್ಟಿಗೆ ಕಟ್ಟಿ, ಬಿಸಿಲು ಬೀಳುವ ಕಡೆ ಎರಡು ಸಿಲಿಂಡರು ಒಟ್ಟಿಗೆ ಜೋಡಿಸಿದೆ. ಕೆಲಸ ಮುಗಿಸುವವರೆಗೂ ಅಕ್ಕ ಬಾಗಿಲಲ್ಲಿ ನಿಂತಿದ್ದರು.

“ನೀವು ಅವತ್ತು ಹೇಳಿದ್ದು ಸುಳ್ಳಾ ಹಂಗಾದ್ರೆ?”

“ಸುಳ್ಳಲ್ಲಕ್ಕ. ಅರ್ಧ ಹೇಳಿದ್ದೆ.”

“ಮಿಕ್ಕರ್ಧ ಈಗ ಹೇಳಿ. ರಾತ್ರಿ ಇಲ್ಲಿ ಯಾರೂ ಇರಲ್ಲ. ಏನಾದ್ರೂ ಆದ್ರೆ ಗೋಣಿ ಹಾಕೋರು ಯಾರು?”

ಎಷ್ಟೋ ಊರಿನಲ್ಲಿ ಬೆಂಕಿ ಆರಿಸಿ ತೋರಿಸಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವರನ್ನು ಹೀಟರಿನ ಮುಂದೆ ಕೂರಿಸಿದೆ. ಪೈಲಟ್, ತಾಮ್ರದ ಕಡ್ಡಿ, ಗ್ಯಾಸಿನ ಬಾಗಿಲು ತೋರಿಸಿದೆ. ಬೆಂಕಿ ಬಿದ್ದರೆ ಎಲ್ಲಕ್ಕೂ ಇದು ಉತ್ತರವಲ್ಲ, ಆದರೆ ಉರಿ ಆರಿ ಗ್ಯಾಸು ಸೋರಿ ಕೋಣೆ ತುಂಬುವುದನ್ನು ಇದು ತಡೆಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೈಲಟ್ ಊದಿ ಆರಿಸಿದೆ. ಅವರು ಬೆರಳು ಮಡಿಚುತ್ತ ಎಣಿಸಿದರು. ಮೂವತ್ತಕ್ಕೆ ಟಿಕ್ ಎಂದಿತು.

“ಇನ್ನೊಂದು ಸಲ” ಎಂದರು. ಈ ಸಲ ತಾವೇ ಊದಿದರು. ತಾವೇ ಹಚ್ಚಿದರು. ಹೀಗೆ ನಾಲ್ಕು ಸಲ.

ಜನವರಿಯ ಕೊನೆಯಲ್ಲಿ ಎರಡನೇ ಸಲದ ಮರಿಗಳು ಬಂದಿದ್ದಾಗ ರೈಟರ್ ಮತ್ತೆ ಫೋನ್ ಮಾಡಿ ಪೈಲಟ್ ಸರಿಯಿಲ್ಲವೆಂದರು. ತಕ್ಷಣ ಬೈಕ್ ಹತ್ತಿದೆ. ಹೋಗಿ ನೋಡಿದರೆ ಅಕ್ಕ ಆಗಲೇ ತಗಡು ಬಿಚ್ಚಿ, ವೈರಿನ ಎಳೆಯ ತುದಿಯಲ್ಲಿ ಜೇಡರಬಲೆ ತೆಗೆದು, ಉರಿ ಹಚ್ಚಿ ಮುಗಿಸಿದ್ದರು. ಮರಿಗಳು ಒಂದೂ ಹೋಗಿರಲಿಲ್ಲ.

“ಬಂದಿದೀರಲ್ಲ, ಒಂದ್ಸಲ ನೋಡ್ಬುಡಿ ಗ್ಯಾಸಣ್ಣ” ಎಂದು ಹೀಟರಿನ ಮುಂದೆ ಗೋಣಿಚೀಲ ಹಾಸಿದರು.

ಮಂಡಿಯೂರಿದೆ. ಗೋಣಿ ಒಣಗಿತ್ತು.